ಕಿವಿಯಲ್ಲಿ ಹೇಳುವ ಇತಿಹಾಸಕ್ಕೆ ಸನದ್ ಎಲ್ಲಿದೆ?

ಕಳೆದ ಚಳಿಗಾಲದ ಒಂದು ರವಿವಾರ ಬಸವಕಲ್ಯಾಣದ ಕೋಟೆಯ ಬಾಗಿಲ ಬಳಿ ನಾವು ನಿಂತಿದ್ದೆವು. ಹುಮನಾಬಾದ್ ಕಡೆಯಿಂದ ಬಂದ ಮುಸ್ಲಿಮ್ ಕುಟುಂಬವೊಂದು ನಮ್ಮ ಮುಂದೆಯೇ ಒಳಗೆ ಹೋಗುತ್ತಿತ್ತು. ತಂದೆ, ತಾಯಿ, ಕಾಲೇಜಿಗೆ ಹೋಗುವ ವಯಸ್ಸಿನ ಮಗಳು ಮತ್ತು ಹತ್ತು ಹನ್ನೆರಡು ವರ್ಷದ ಹುಡುಗ. ಗೋಡೆಯಲ್ಲಿ ಸೇರಿಹೋಗಿದ್ದ ಕೆತ್ತನೆಯ ಕಲ್ಲೊಂದರ ಮೇಲೆ ಹುಡುಗ ಬೆರಳಾಡಿಸುತ್ತಾ, "ಅಬ್ಬಾ, ಯೆ ಕೌನ್ ಬನಾಯೆ?" ಎಂದು ಕೇಳಿದ. ತಂದೆ ಕ್ಷಣಕಾಲ ತಡವರಿಸಿ, "ಕೋಯಿ ನವಾಬ್ ಬನಾಯೆ ಹೋಂಗೆ, ಚಲ್" ಎಂದರು. ಮಗಳು ಮೊಬೈಲ್ ತೆಗೆದು ಏನನ್ನೋ ಹುಡುಕಿ, ಇಯರ್‌ಫೋನಿನ ಒಂದು ತುದಿಯನ್ನು ತಮ್ಮನ ಕಿವಿಗಿಟ್ಟಳು. ಹುಡುಗ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಅನಂತರ ಆ ಕಲ್ಲಿನ ಮೇಲಿಂದ ಮೆಲ್ಲನೆ ಕೈ ಹಿಂದಕ್ಕೆಳೆದುಕೊಂಡ. ಆ ಧ್ವನಿ ಅವನಿಗೆ ಏನು ಹೇಳಿತೆಂದು ನಾವು ಬಳಿಕ ಕೇಳಿ ತಿಳಿದೆವು. ಈ ಕೋಟೆಯ ಕಥೆಯೆಂದರೆ ಕೆಡವಿದವರು ಮತ್ತು ಕೆಡವಿಸಿಕೊಂಡವರ ಕಥೆ, ಅದರಾಚೆ ಇನ್ನೇನೂ ಇಲ್ಲ ಎಂದು ಯಾರೋ ಹೆಸರಿಲ್ಲದವರು ಹಿಂದಿಯಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ್ದರು.

ಘಟನೆ ಚಿಕ್ಕದು. ಆದರೆ ಅದರಲ್ಲಿ ನಮ್ಮ ಸಮುದಾಯದ ಒಂದು ದೊಡ್ಡ ದಾರಿದ್ರ್ಯ ಅಡಗಿದೆ. ಮಗುವಿನ ಪ್ರಶ್ನೆಗೆ ತಂದೆಯ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಆ ಜಾಗವನ್ನು ಅಪರಿಚಿತ ಧ್ವನಿಯೊಂದು ಆಕ್ರಮಿಸಿಕೊಂಡಿತು. ಆ ಧ್ವನಿಯನ್ನು ದೂರುವುದಕ್ಕೆ ಮೊದಲು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಆ ಜಾಗವನ್ನು ಖಾಲಿ ಬಿಟ್ಟವರು ಯಾರು?

ಹೊಸ ಮಾರ್ಗದರ್ಶಿ

ಊರನ್ನು ಕಾಲ್ನಡಿಗೆಯಲ್ಲಿ ನೋಡುವ ಹೊಸ ವಿಧಾನವೊಂದು ಇಂದು ಜಗತ್ತಿನಾದ್ಯಂತ ಬೆಳೆಯುತ್ತಿದೆ. ಮೊಬೈಲಿನಲ್ಲಿ ಒಂದು ಆ್ಯಪ್ ಇರುತ್ತದೆ. ಉಪಗ್ರಹಗಳ ಸಂಕೇತದಿಂದ ನೀವು ನಿಂತಿರುವ ಸ್ಥಳವನ್ನು ಅದು ಗುರುತಿಸುತ್ತದೆ. ನಿಗದಿತ ಜಾಗಕ್ಕೆ ನೀವು ತಲುಪಿದೊಡನೆ ಅಲ್ಲಿನ ಕಥೆ ತಾನಾಗಿಯೇ ಕಿವಿಯಲ್ಲಿ ಆರಂಭವಾಗುತ್ತದೆ. ಗುಂಡಿ ಒತ್ತಬೇಕಾಗಿಲ್ಲ, ಪುಸ್ತಕ ತೆರೆಯಬೇಕಾಗಿಲ್ಲ, ಗೈಡಿನೊಂದಿಗೆ ಹಣದ ಚೌಕಾಸಿ ಮಾಡಬೇಕಾಗಿಲ್ಲ. ನೀವು ನಡೆಯುತ್ತೀರಿ, ಅದು ಹೇಳುತ್ತದೆ.

ಇದರ ಬೇರು ಹಳೆಯದು. 1952ರಲ್ಲೇ ಆಮ್‌ಸ್ಟರ್‌ಡಾಮಿನ ಒಂದು ವಸ್ತುಸಂಗ್ರಹಾಲಯದಲ್ಲಿ ರೇಡಿಯೋ ಮೂಲಕ ಸಂದರ್ಶಕರ ಕಿವಿಗೆ ವಿವರಣೆ ತಲುಪಿಸುವ ವ್ಯವಸ್ಥೆ ಆರಂಭವಾಗಿತ್ತು. ಸೇನೆಯ ಉಪಯೋಗಕ್ಕೆಂದು ಹುಟ್ಟಿದ ಜಿಪಿಎಸ್ ಸಂಕೇತವನ್ನು ಜನಸಾಮಾನ್ಯರ ಪಾಲಿಗೆ ಉದ್ದೇಶಪೂರ್ವಕವಾಗಿ ಮಸುಕುಗೊಳಿಸುತ್ತಿದ್ದ ಕ್ರಮವನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ಕೈಬಿಟ್ಟಿತು. ಅಲ್ಲಿಂದ ಮುಂದೆ ಕೆಲವೇ ಮೀಟರುಗಳ ಅಂತರದಲ್ಲಿ ಒಬ್ಬ ಪಾದಚಾರಿಯ ಸ್ಥಳವನ್ನು ಗುರುತಿಸುವುದು ಸಾಧ್ಯವಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2015ರಲ್ಲಿ 'ಡಿಟೂರ್' ಎಂಬ ಆ್ಯಪ್ ಇದೇ ತಂತ್ರದಿಂದ ನಗರದ ಬೀದಿಗಳ ಕಥೆ ಹೇಳಲಾರಂಭಿಸಿತು. 2018ರಲ್ಲಿ ಅದನ್ನು ಧ್ವನಿ ಉಪಕರಣಗಳ ಕಂಪೆನಿ 'ಬೋಸ್' ಕೊಂಡುಕೊಂಡಿತು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಹುಟ್ಟಿದ 'ವಾಯ್ಸ್‌ಮ್ಯಾಪ್' ಹಲವು ದೇಶಗಳ ನಗರಗಳಿಗೆ ಹಬ್ಬಿತು. ನಮ್ಮ ಕೇಂದ್ರ ಪ್ರವಾಸೋದ್ಯಮ ಸಚಿವಾಲಯವೂ 2019ರ ಫೆಬ್ರವರಿಯಲ್ಲಿ 'ಆಡಿಯೋ ಒಡಿಗೋಸ್' ಎಂಬ ಹೆಸರಿನಲ್ಲಿ ದೇಶದ 12 ತಾಣಗಳಿಗೆ ಧ್ವನಿ ಮಾರ್ಗದರ್ಶಿಯನ್ನು ಬಿಡುಗಡೆ ಮಾಡಿತು.

ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಂಕುಸ್ಥಾಪನೆ ನೆರವೇರಿದೆ. ಐನೂರು ಕೋಟಿ ರೂಪಾಯಿಯ ಯೋಜನೆಯೆಂದು ಅಂದೇ ಪ್ರಕಟಿಸಲಾಗಿದೆ. 2012ರಿಂದ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ ಅಲ್ಲಿ ಯಾತ್ರಿಕರನ್ನು ಸೆಳೆಯುತ್ತಿದೆ. 2017ರಲ್ಲಿ ಬೀದರ್-ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾದ ಮೇಲೆ ಹುಮನಾಬಾದಿಗೆ ರೈಲೂ ಬಂದಿದೆ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಂತೂ ಹಿಂದಿನಿಂದಲೂ ಇದೆ. ಜನ ಬರುತ್ತಾರೆ, ಇನ್ನಷ್ಟು ಬರಲಿದ್ದಾರೆ. ಅವರ ಕಿವಿಗೆ ಈ ಊರುಗಳ ಕಥೆಯನ್ನು ಯಾರೋ ಹೇಳಿಯೇ ಹೇಳುತ್ತಾರೆ. ಯಾರು ಹೇಳುತ್ತಾರೆ, ಏನನ್ನು ಹೇಳುತ್ತಾರೆ, ಯಾವ ಆಧಾರದಿಂದ ಹೇಳುತ್ತಾರೆ ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ಹೆಸರಿಲ್ಲದ ವರದಿಗಾರ

ಮದ್ರಸಾದಲ್ಲಿ ಹದೀಸ್ ಶಾಸ್ತ್ರದ ಪ್ರಾಥಮಿಕ ಪಾಠವನ್ನು ಓದಿದವರಿಗೂ ಒಂದು ವಿಷಯ ತಿಳಿದಿರುತ್ತದೆ. ಒಂದು ಮಾತನ್ನು ಸ್ವೀಕರಿಸುವ ಮೊದಲು ಅದನ್ನು ಹೇಳಿದವನಾರು, ಅವನಿಗೆ ಹೇಳಿದವನಾರು, ಅವರಿಬ್ಬರೂ ಪರಸ್ಪರ ಭೇಟಿಯಾಗಿರುವುದು ಸಾಧ್ಯವೇ, ಅವನ ನೆನಪು ದೃಢವೇ, ನಡತೆ ಸರಿಯೇ ಎಂದು ನಮ್ಮ ಮುಹದ್ದಿಸರು ವಿಚಾರಿಸುತ್ತಿದ್ದರು. ಈ ಸರಪಳಿಗೆ ಸನದ್ ಎಂದು ಹೆಸರು. ಇದಕ್ಕಾಗಿ ಇಮಾಮ್ ಬುಖಾರಿಯವರು ಮಧ್ಯ ಏಷ್ಯಾದ ತಮ್ಮ ಊರಿನಿಂದ ಹೊರಟು ಮಕ್ಕಾ, ಮದೀನಾ, ಬಸರಾ, ಬಗ್ದಾದುಗಳವರೆಗೆ ಸಂಚರಿಸಿದರು. ಸರಪಳಿಯಲ್ಲಿ ಗುರುತು ತಿಳಿಯದ ಒಬ್ಬನಿದ್ದರೂ ಅವನನ್ನು ಮಜ್‌ಹೂಲ್ ಎಂದು ಗುರುತಿಸಿ, ಆ ವರದಿಯನ್ನು ದುರ್ಬಲವೆಂದು ಬದಿಗಿಡುತ್ತಿದ್ದರು. ಹೇಳಿದವನ ಕಂಠ ಎಷ್ಟೇ ಇಂಪಾಗಿರಲಿ, ಹೇಳಿದ ಮಾತು ನಮಗೆ ಎಷ್ಟೇ ಪ್ರಿಯವಾಗಿರಲಿ, ಈ ನಿಯಮಕ್ಕೆ ವಿನಾಯಿತಿ ಇರಲಿಲ್ಲ.

ಈಗ ಕಿವಿಯೊಳಗಿನ ಈ ಮಾರ್ಗದರ್ಶಿಯನ್ನು ಅದೇ ಒರೆಗಲ್ಲಿಗೆ ಹಚ್ಚಿ ನೋಡಿರಿ. ಅವನ ಹೆಸರು ನಮಗೆ ಗೊತ್ತಿಲ್ಲ. ಅವನು ಶಾಸನ ಓದಿದವನೋ, ವಾಟ್ಸ್‌ಆ್ಯಪ್ ಸಂದೇಶ ಓದಿದವನೋ ತಿಳಿಯದು. ಆದರೆ ಅವನಿಗಿರುವ ಶಕ್ತಿ ಪುಸ್ತಕಕ್ಕಿಲ್ಲ. ಪುಸ್ತಕದ ಸುಳ್ಳನ್ನು ನಾವು ಮನೆಯಲ್ಲಿ ಕುಳಿತು ಓದುತ್ತೇವೆ, ಸಂದೇಹ ಬಂದರೆ ಪುಟ ತಿರುವುತ್ತೇವೆ. ಇವನಾದರೋ ಕಲ್ಲಿನ ಎದುರು ನಮ್ಮನ್ನು ನಿಲ್ಲಿಸಿ ಮಾತಾಡುತ್ತಾನೆ. ಕಣ್ಣಿನ ಮುಂದೆ ಕಲ್ಲು, ಕಿವಿಯಲ್ಲಿ ಕಥೆ. ಎರಡೂ ಏಕಕಾಲಕ್ಕೆ ಸಂಭವಿಸುವುದರಿಂದ ಆ ಕಲ್ಲೇ ಕಥೆಗೆ ಸಾಕ್ಷಿ ನುಡಿಯುತ್ತಿದೆಯೆಂಬ ಭ್ರಮೆ ಹುಟ್ಟುತ್ತದೆ. ಕಲ್ಲು ಏನನ್ನೂ ನುಡಿದಿರುವುದಿಲ್ಲ. ಅದರ ಮೌನವನ್ನು ಮತ್ತೊಬ್ಬ ಬಳಸಿಕೊಂಡಿರುತ್ತಾನೆ.

ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಂಬಿ, ಅರಿಯದೆ ಇನ್ನೊಂದು ಜನಸಮೂಹಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡಬೇಡಿರೆಂಬುದು ಕುರ್‌ಆನಿನ ಸ್ಪಷ್ಟ ಎಚ್ಚರಿಕೆ. ಊರಿನ ಬೀದಿಗೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲವೇ?

ಕಲ್ಯಾಣದ ಒಂದು ನಡಿಗೆ

ಬಸವಕಲ್ಯಾಣದಷ್ಟು ಪದರುಗಳಿರುವ ಊರು ಕನ್ನಡ ನಾಡಿನಲ್ಲಿ ವಿರಳ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲದಲ್ಲಿ ಅದು ರಾಜಧಾನಿಯಾಯಿತು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು 'ಮಿತಾಕ್ಷರ'ವನ್ನು ಬರೆದನು. ಶತಮಾನಗಳ ಬಳಿಕ ಬ್ರಿಟಿಷ್ ನ್ಯಾಯಾಲಯಗಳು ಹಿಂದೂ ಕುಟುಂಬಗಳ ಆಸ್ತಿ ಪಾಲನ್ನು ತೀರ್ಮಾನಿಸಿದ್ದು ಕಲ್ಯಾಣದಲ್ಲಿ ಕುಳಿತು ಬರೆದ ಈ ಗ್ರಂಥವನ್ನು ಮುಂದಿಟ್ಟುಕೊಂಡು. ಹನ್ನೆರಡನೆಯ ಶತಮಾನದಲ್ಲಿ ಕಲಚೂರಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಇಲ್ಲಿಯೇ ಜಾತಿಯ ಗೋಡೆಯನ್ನು ಪ್ರಶ್ನಿಸಿದರು. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹದ ನಂತರ ಶರಣರ ಮೇಲೆ ಎರಗಿದ ಹಿಂಸೆಯ ನೆನಪು ಇಂದಿಗೂ ಈ ಮಣ್ಣಿನಲ್ಲಿದೆ. ಆ ಹಿಂಸೆ ನಡೆದಾಗ ದಖ್ಖನಿನಲ್ಲಿ ಯಾವ ಸುಲ್ತಾನನ ಆಳ್ವಿಕೆಯೂ ಇರಲಿಲ್ಲ ಎಂಬುದನ್ನು ಕಿವಿಯ ಮಾರ್ಗದರ್ಶಿ ಹೇಳುತ್ತಾನೆಯೇ?

ಅವನು ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. ಶಕ 1248, ಅಂದರೆ ಕ್ರಿ.ಶ. 1326ರ ಸಂಸ್ಕೃತ ಶಾಸನವೊಂದು ಇದೇ ಕಲ್ಯಾಣದಲ್ಲಿ ದೊರೆತಿದೆ. ಅದು ಮುಹಮ್ಮದ್ ಬಿನ್ ತುಘ್ಲಕ್‌ನ ಆಳ್ವಿಕೆಯ ಕಾಲದ್ದು. ಸ್ಥಳೀಯ ಗಲಭೆಯಿಂದಾಗಿ ಮಧುಕೇಶ್ವರ ದೇವಾಲಯದಲ್ಲಿ ಪೂಜೆ ನಿಂತುಹೋಗಿತ್ತು. ಸುಲ್ತಾನನ ಮುಸ್ಲಿಮ್ ಅಧಿಕಾರಿಗಳು ಅದನ್ನು ದುರಸ್ತಿ ಮಾಡಿಸಿ ಪೂಜೆ ಮತ್ತೆ ಆರಂಭವಾಗುವಂತೆ ನೋಡಿಕೊಂಡರೆಂದು ಆ ಶಾಸನ ದಾಖಲಿಸಿದೆ. ಇದು ವಿದ್ವಾಂಸರು ಓದಿ ಪ್ರಕಟಿಸಿದ ಶಾಸನ, ಯಾರದೋ ಭಾಷಣವಲ್ಲ. ಬಸವಕಲ್ಯಾಣದ ನಮ್ಮ ಎಷ್ಟು ಮನೆಗಳಲ್ಲಿ ಇದು ಗೊತ್ತಿದೆ? ಯಾವ ಜುಮಾ ಖುತ್ಬಾದಲ್ಲಿ, ಯಾವ ಜಲ್ಸಾದಲ್ಲಿ ನಾವಿದನ್ನು ಕೇಳಿದ್ದೇವೆ?

ಆದರೆ ಇಲ್ಲಿಯೇ ನಾವು ನಮ್ಮ ನಾಲಗೆಯನ್ನು ಹಿಡಿಯಬೇಕು. ಮುಹಮ್ಮದ್ ಬಿನ್ ತುಘ್ಲಕ್ ನಮ್ಮ ಆದರ್ಶ ಪುರುಷನಲ್ಲ. ಅವನ ಕೈಕೆಳಗೆ ಖಾಝಿಯಾಗಿದ್ದ ಇಬ್ನ್ ಬತೂತಾ ಅವನ ಔದಾರ್ಯವನ್ನೂ ಕ್ರೌರ್ಯವನ್ನೂ ಒಟ್ಟಿಗೇ ಬರೆದಿಟ್ಟಿದ್ದಾನೆ. ಕಲ್ಯಾಣದ ಕೋಟೆಯಲ್ಲಿ ಹಿಂದಿನ ಕಟ್ಟಡಗಳ ಕೆತ್ತನೆಯ ಕಲ್ಲುಗಳು ಸೇರಿಕೊಂಡಿರುವುದೂ ನಿಜ. ಆ ಹುಡುಗನ ಬೆರಳು ಮುಟ್ಟಿದ್ದು ಅಂಥದೇ ಕಲ್ಲನ್ನು. 1326ರ ಶಾಸನವನ್ನು ಮಾತ್ರ ಹೇಳಿ ಕೋಟೆಯ ಕಲ್ಲನ್ನು ಮುಚ್ಚಿಡುವ ಮಾರ್ಗದರ್ಶಿ ನಮ್ಮವನೇ ಆದರೂ ಸುಳ್ಳುಗಾರನೇ. ಕಲ್ಲನ್ನು ಮಾತ್ರ ತೋರಿಸಿ ಶಾಸನವನ್ನು ಮುಚ್ಚಿಡುವವನೂ ಅಷ್ಟೇ ಸುಳ್ಳುಗಾರ. ಅರ್ಧ ಸತ್ಯವನ್ನು ಎರಡು ಪಂಗಡಗಳು ಹಂಚಿಕೊಂಡರೆ ಪೂರ್ಣ ಸತ್ಯ ಸಿಗುವುದಿಲ್ಲ, ಎರಡು ಪೂರ್ಣ ದ್ವೇಷಗಳು ಸಿಗುತ್ತವೆ.

ಮುಂದೆ ನಡೆಯೋಣ. 1657ರಲ್ಲಿ ಮೊಗಲ್ ರಾಜಕುಮಾರ ಔರಂಗಜೇಬ್ ಬಿಜಾಪುರದ ಸುಲ್ತಾನರಿಂದ ಈ ಕೋಟೆಯನ್ನು ಗೆದ್ದುಕೊಂಡನು. ಗೆದ್ದವನೂ ಮುಸ್ಲಿಮ್, ಸೋತವರೂ ಮುಸ್ಲಿಮರು. ಧರ್ಮಯುದ್ಧವೆಂದು ಕಥೆ ಕಟ್ಟುವವರಿಗೆ ಇದು ಹೊಂದುವುದಿಲ್ಲ, ಇಸ್ಲಾಮೀ ಸುವರ್ಣಯುಗವೆಂದು ಬೀಗುವ ನಮ್ಮವರಿಗೂ ಹೊಂದುವುದಿಲ್ಲ. ಆದ್ದರಿಂದ ಇಬ್ಬರೂ ಇದನ್ನು ಬಿಟ್ಟುಬಿಡುತ್ತಾರೆ. ನಂತರ ಆಸಫ್‌ಜಾಹಿ ನಿಝಾಮರ ಕಾಲದಲ್ಲಿ ಇದು ಕಲ್ಯಾಣಿಯ ನವಾಬರ ಜಾಗೀರಾಯಿತು. ಆ ನವಾಬರ ಹೈದರಾಬಾದಿನ ದೇವಡಿಯಿಂದ ಹೊರಬಂದ 'ಕಲ್ಯಾಣಿ ಬಿರಿಯಾನಿ'ಯ ಹೆಸರು ನಮ್ಮ ಯುವಕರಿಗೆಲ್ಲ ಬಾಯಿಪಾಠ. ಕಲ್ಯಾಣದ ವಿಷಯದಲ್ಲಿ ನಮಗೆ ಉಳಿದಿರುವ ಐತಿಹಾಸಿಕ ಪ್ರಜ್ಞೆ ಒಂದು ಪ್ಲೇಟು ಬಿರಿಯಾನಿಯಷ್ಟೇ ಎಂದರೆ ಕಟುವಾದೀತು, ಆದರೆ ಸುಳ್ಳಾಗದು.

2022ರಲ್ಲಿ ಇದೇ ಊರಿನ ಪೀರ್ ಪಾಷಾ ಬಂಗಲೆಯೇ ಮೂಲ ಅನುಭವ ಮಂಟಪವೆಂಬ ವಾದ ಬಿರುಸಾಗಿ ಎದ್ದಿತು. ಮಠಾಧೀಶರ ಸಭೆಗಳಾದವು, ಬಂದೋಬಸ್ತು ಏರ್ಪಟ್ಟಿತು, ಊರು ಉಸಿರು ಬಿಗಿಹಿಡಿಯಿತು. ಆ ವಾದದ ಸತ್ಯಾಸತ್ಯತೆಯನ್ನು ಇಲ್ಲಿ ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಅದನ್ನು ದಾಖಲೆ, ಉತ್ಖನನ ಮತ್ತು ಕಾನೂನು ತೀರ್ಮಾನಿಸಬೇಕು. ಆದರೆ ನಾಳೆ ಯಾತ್ರಿಕನೊಬ್ಬ ಆ ಬಂಗಲೆಯ ಎದುರು ಬಂದೊಡನೆ ಅವನ ಕಿವಿಯಲ್ಲಿ ಒಂದು ಧ್ವನಿ ತೀರ್ಪು ಕೊಟ್ಟುಬಿಟ್ಟರೆ? ನ್ಯಾಯಾಲಯ ಸಾಕ್ಷಿ ಕೇಳುತ್ತದೆ, ಎದುರು ಪಕ್ಷದ ಮಾತು ಕೇಳುತ್ತದೆ. ಕಿವಿಯ ಧ್ವನಿ ಏನನ್ನೂ ಕೇಳುವುದಿಲ್ಲ. ದಿನಕ್ಕೆ ನೂರು ಜನರಿಗೆ ಅದು ತೀರ್ಪು ಓದಿ ಹೇಳಿದರೆ, ವರ್ಷ ಕಳೆಯುವುದರೊಳಗೆ ಆ ತೀರ್ಪೇ ಜನಜನಿತ ಸತ್ಯವಾಗುತ್ತದೆ. ವಿವಾದವಿರುವಲ್ಲಿ ವಿವಾದವಿದೆಯೆಂದೇ ಹೇಳಬೇಕು, ಎರಡೂ ಕಡೆಯ ಆಧಾರಗಳನ್ನು ಮುಂದಿಡಬೇಕು ಎಂಬ ನಿಯಮ ಸರಕಾರಿ ಹಣದಿಂದ ತಯಾರಾಗುವ ಪ್ರತಿಯೊಂದು ಧ್ವನಿ ಮಾರ್ಗದರ್ಶಿಗೂ ಇರಬೇಕೆಂದು ನಾವು ಆಗ್ರಹಿಸುತ್ತೇವೆ.

ಹುಮನಾಬಾದಿನ ಪಾಠ

ಬಸವಕಲ್ಯಾಣ ತಾಲೂಕಿನ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳು ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆಸಿ 1865ರಲ್ಲಿ ದೇಹತ್ಯಾಗ ಮಾಡಿದರು. ಎಲ್ಲ ಮತಗಳನ್ನೂ ಗೌರವಿಸಬೇಕೆಂಬ 'ಸಕಲಮತ ಸಂಪ್ರದಾಯ' ಅವರದು. ಅವರ ದರ್ಬಾರಿಗೆ ನಿಝಾಮ್ ರಾಜ್ಯದ ಮುಸ್ಲಿಮರೂ ಬರುತ್ತಿದ್ದರು. ತೌಹೀದನ್ನು ನಂಬಿದ ನಾವು ಯಾವ ಮನುಷ್ಯನಲ್ಲೂ ದೈವತ್ವವನ್ನು ಕಾಣಲಾರೆವು, ಈ ವಿಷಯದಲ್ಲಿ ನಮ್ಮ ನಿಲುವು ಮುಚ್ಚುಮರೆಯಿಲ್ಲದ್ದು. ಆದರೆ ವಿಶ್ವಾಸ ಬೇರೆ, ಇತಿಹಾಸ ಬೇರೆ. ನೂರೈವತ್ತು ವರ್ಷಗಳ ಹಿಂದೆ ಹುಮನಾಬಾದಿನಲ್ಲಿ ಎರಡು ಸಮುದಾಯಗಳು ಒಂದೇ ಅಂಗಳದಲ್ಲಿ ಕುಳಿತಿದ್ದವೆಂಬುದು ಇತಿಹಾಸ. ಅದನ್ನು ಹೇಳಲು ನಾವು ಹಿಂಜರಿಯುವುದಾದರೆ, ಈ ಎರಡು ಸಮುದಾಯಗಳು ಎಂದೂ ಕೂಡಿ ಬಾಳಲೇ ಇಲ್ಲವೆನ್ನುವವರಿಗೆ ನಾವೇ ನೆರವಾದಂತೆ.

ಹುಮನಾಬಾದ್ ತಾಲೂಕಿನ ಜಲಸಂಗ್ವಿಯ ಚಾಲುಕ್ಯ ದೇವಾಲಯದ ಹೊರಗೋಡೆಯಲ್ಲಿ, ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಒಂಬತ್ತು ಶತಮಾನಗಳ ಹಿಂದಿನ ಶಿಲ್ಪಿಗೆ ಹೆಣ್ಣೊಬ್ಬಳು ಅಕ್ಷರ ಬರೆಯುವುದು ಸಹಜವಾಗಿ ಕಂಡಿತ್ತು. ಇಂದು ನಮ್ಮ ಹೆಣ್ಣುಮಕ್ಕಳು ತಮ್ಮದೇ ಊರಿನಲ್ಲಿ ಎಷ್ಟು ದೂರ ನಡೆದಿದ್ದಾರೆ? ಬಟ್ಟೆ ಅಂಗಡಿ, ಆಸ್ಪತ್ರೆ, ಮದುವೆ ಮಂಟಪ. ಇವುಗಳಾಚೆ ಊರೆಂಬುದೊಂದು ಅವರಿಗಿದೆಯೇ? ಭೂಮಿಯಲ್ಲಿ ಸಂಚರಿಸಿ, ಗತಿಸಿಹೋದವರ ಪರಿಣಾಮ ಏನಾಯಿತೆಂದು ನೋಡಿರೆಂದು ಕುರ್‌ಆನ್ ಹಲವೆಡೆ ಆದೇಶಿಸುತ್ತದೆ. ಆ ಆದೇಶ ಗಂಡಸರಿಗಷ್ಟೇ ಬಂದದ್ದೆಂದು ಯಾವ ವಿದ್ವಾಂಸರು ಹೇಳಿದ್ದಾರೆ?

1948ರ ಎರಡು ಗಾಯಗಳು

ಯಾವ ನಡಿಗೆಯೂ ತಪ್ಪಿಸಿಕೊಳ್ಳಲಾರದ ಒಂದು ತಿರುವು ಇಲ್ಲಿದೆ. ಬಸವಕಲ್ಯಾಣ ತಾಲೂಕಿನ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ರಝಾಕಾರರು ಹತ್ಯಾಕಾಂಡ ನಡೆಸಿದರು. ಇನ್ನೂರರಷ್ಟು ಜನ ಹತರಾದರೆಂದು ಹೇಳಲಾಗುತ್ತದೆ. ಅಲ್ಲಿನ ಹುತಾತ್ಮರ ಸ್ಮಾರಕವನ್ನು 2023ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವರು ಉದ್ಘಾಟಿಸಿದರು. ಅದೇ 1948ರ ಸೆಪ್ಟೆಂಬರಿನಲ್ಲಿ ನಡೆದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಅಮಾಯಕ ಮುಸ್ಲಿಮರ ಕಗ್ಗೊಲೆಯಾಯಿತು. ಭಾರತ ಸರಕಾರವೇ ಕಳುಹಿಸಿದ್ದ ಪಂಡಿತ್ ಸುಂದರ್‌ಲಾಲ್ ಸಮಿತಿ, ಇಡೀ ರಾಜ್ಯದಲ್ಲಿ 27 ಸಾವಿರದಿಂದ 40 ಸಾವಿರದಷ್ಟು ಜನ ಪ್ರಾಣ ಕಳೆದುಕೊಂಡಿರಬೇಕೆಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. 2013ರ ಹೊತ್ತಿಗೆ ಅದು ಸಾರ್ವಜನಿಕವಾಯಿತು.

ಮೊದಲನೆಯ ಗಾಯಕ್ಕೆ ಸ್ಮಾರಕವಿದೆ, ಎರಡನೆಯದಕ್ಕೆ ಇಲ್ಲ ಎಂದು ನಾವು ನೊಂದುಕೊಳ್ಳುತ್ತೇವೆ. ಆ ನೋವು ನ್ಯಾಯವಾದದ್ದೇ. ಆದರೆ ನಮ್ಮ ಮನೆಗಳಲ್ಲಿ ಗೋರ್ಟಾದ ಹೆಸರನ್ನು ನಾವೆಷ್ಟು ಬಾರಿ ಉಚ್ಚರಿಸಿದ್ದೇವೆ? ನಮ್ಮ ಹೆಸರಿನಲ್ಲಿ, ನಮ್ಮ ಘೋಷಣೆಗಳೊಂದಿಗೆ ಹತ್ಯೆ ಮಾಡಿದವರನ್ನು ನಾವು ಸ್ಪಷ್ಟ ಶಬ್ದಗಳಲ್ಲಿ ಖಂಡಿಸದೆ, ನಮ್ಮ ಸತ್ತವರಿಗೆ ಮಾತ್ರ ಕಣ್ಣೀರು ಕೇಳಿದರೆ ಅದು ನ್ಯಾಯವಲ್ಲ, ವ್ಯಾಪಾರ. ನ್ಯಾಯದ ಸಾಕ್ಷಿಯನ್ನು ತನ್ನ ವಿರುದ್ಧವಾದರೂ ನುಡಿಯಬೇಕೆಂದು ಕಲಿಸಿದ ಧರ್ಮ ನಮ್ಮದು.

ಅಮೆರಿಕದ ಅಲ್ಕಟ್ರಾಜ್ ದ್ವೀಪದ ಹಳೆಯ ಸೆರೆಮನೆಯಲ್ಲಿ ಒಂದು ಪ್ರಸಿದ್ಧ ಧ್ವನಿ ಮಾರ್ಗದರ್ಶಿಯಿದೆ. ಅದರಲ್ಲಿ ಅಲ್ಲಿನ ಮಾಜಿ ಕಾವಲುಗಾರರೂ ಮಾತಾಡುತ್ತಾರೆ, ಮಾಜಿ ಕೈದಿಗಳೂ ಮಾತಾಡುತ್ತಾರೆ. ಬೀಗ ಹಾಕಿದವನ ಧ್ವನಿ, ಬೀಗದ ಒಳಗಿದ್ದವನ ಧ್ವನಿ ಎರಡನ್ನೂ ಒಂದೇ ಓಣಿಯಲ್ಲಿ ನಿಂತು ಕೇಳಿದಾಗ ಕೇಳುಗ ಮೂರ್ಖನಾಗುವುದಿಲ್ಲ. ಗೋರ್ಟಾದ ಹಿರಿಯರ ಧ್ವನಿ, ಸೆಪ್ಟೆಂಬರಿನಲ್ಲಿ ತಂದೆಯನ್ನು ಕಳೆದುಕೊಂಡ ಮೊಹಲ್ಲಾದ ಹಿರಿಯರ ಧ್ವನಿ ಇವೆರಡನ್ನೂ ಒಂದೇ ನಡಿಗೆಯಲ್ಲಿ ಕೇಳಿಸಲು ನಮಗೆ ಸಾಧ್ಯವಿಲ್ಲವೇ? ಆ ವರ್ಷ ಹತ್ತು ವಯಸ್ಸಿನವರಾಗಿದ್ದವರು ಇಂದು ತೊಂಬತ್ತರ ಸಮೀಪದಲ್ಲಿದ್ದಾರೆ. ನಾವು ಯೋಚಿಸುತ್ತ ಕುಳಿತರೆ ಕಾಯಲು ಅವರಿಗೆ ಸಮಯವಿಲ್ಲ.

ನಮ್ಮ ಅಪರಾಧ

ಗುಲಾಮ್ ಯಝ್ದಾನಿಯವರ ಹೆಸರನ್ನು ನಮ್ಮ ಯುವಕರು ಕೇಳಿದ್ದಾರೆಯೇ? 1914ರಲ್ಲಿ ಆರಂಭವಾದ ಹೈದರಾಬಾದ್ ರಾಜ್ಯದ ಪುರಾತತ್ವ ಇಲಾಖೆಯನ್ನು ಮುನ್ನಡೆಸಿದವರು ಅವರು. ಬೀದರಿನ ಸ್ಮಾರಕಗಳ ಬಗ್ಗೆ ಅವರು ಬರೆದ ಬೃಹತ್ ಗ್ರಂಥ 1947ರಲ್ಲಿ ಪ್ರಕಟವಾಯಿತು. ಅದೇ ಯಝ್ದಾನಿಯವರು ಅಜಂತಾದ ಬೌದ್ಧ ಗುಹಾಚಿತ್ರಗಳನ್ನು ಸಂಪುಟಗಳಾಗಿ ಪ್ರಕಟಿಸಿದರು, ದಖ್ಖನಿನ ಪ್ರಾಚೀನ ಇತಿಹಾಸವನ್ನು ಸಂಪಾದಿಸಿದರು. ಬಹಮನಿ ಗೋರಿಯನ್ನು ಅಳೆದ ಕೈಯೇ ಬುದ್ಧನ ಚಿತ್ರವನ್ನೂ ಕಾಪಾಡಿತು. ಈ ಪರಂಪರೆಯ ವಾರಸುದಾರರಾದ ನಾವು ಇಂದು ಮಾಡುತ್ತಿರುವುದೇನು?

ನಮ್ಮ ಮಸೀದಿ ಕಮಿಟಿಗಳು ಅಮೃತಶಿಲೆಗೆ, ದೀಪಾಲಂಕಾರಕ್ಕೆ ಲಕ್ಷಗಟ್ಟಲೆ ಸುರಿಯುತ್ತವೆ. ಹೊಸ ಟೈಲ್ಸ್ ಹಾಕುವಾಗ ಹಳೆಯ ಶಾಸನದ ಕಲ್ಲು ಎಲ್ಲಿ ಹೋಯಿತೆಂದು ಕೇಳುವವರಿಲ್ಲ. ಮುತವಲ್ಲಿಯ ಪೆಟ್ಟಿಗೆಯಲ್ಲಿನ ಫಾರ್ಸಿ ಸನದುಗಳನ್ನು ಗೆದ್ದಲು ಓದುತ್ತಿದೆ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯು, ಈಗಾಗಲೇ ನೋಂದಣಿಯಾದ ನಿರ್ವಿವಾದ ಆಸ್ತಿಗಳ ಹೊರತು, ದೀರ್ಘ ಬಳಕೆಯಿಂದಲೇ ವಕ್ಫ್ ಆಗುತ್ತದೆಂಬ ತತ್ವವನ್ನು ತೆಗೆದುಹಾಕಿತು. ಅದು ಅನ್ಯಾಯವೆಂದು ನಾವು ಹೇಳಿದ್ದೇವೆ, ಮುಂದೆಯೂ ಹೇಳುತ್ತೇವೆ. ಆದರೆ "ಎಲ್ಲರಿಗೂ ಗೊತ್ತಿದೆ" ಎಂಬ ಒಂದೇ ದಾಖಲೆಯ ಮೇಲೆ ತಲೆಮಾರುಗಳನ್ನು ಕಳೆದ ನಮ್ಮ ಸೋಮಾರಿತನವನ್ನು ಯಾವ ಕಾಯ್ದೆ ತಂದಿತ್ತು?

ಇನ್ನು ಭಾಷೆ. ನಮ್ಮ ಹಿರಿಯರಿಗೆ ತಿಳಿದಿರುವುದು ದಖ್ಖನಿ ಮತ್ತು ಉರ್ದುವಿನಲ್ಲಿದೆ. ಅದು ಮೊಮ್ಮಕ್ಕಳಿಗೆ ತಲುಪುತ್ತಿಲ್ಲ, ನೆರೆಮನೆಯ ಲಿಂಗಾಯತ ಸ್ನೇಹಿತನಿಗಂತೂ ತಲುಪುವುದೇ ಇಲ್ಲ. ಕನ್ನಡದಲ್ಲಿ ನಾವು ಹೇಳದೇ ಇದ್ದರೆ ಕನ್ನಡದಲ್ಲಿ ನಾವು ಇಲ್ಲವೇ ಇಲ್ಲ.

ಆಕ್ಷೇಪಗಳು

ಸಮುದಾಯಕ್ಕೆ ಉದ್ಯೋಗವಿಲ್ಲ, ಮಕ್ಕಳು ಅರ್ಧದಲ್ಲೇ ಶಾಲೆ ಬಿಡುತ್ತಿದ್ದಾರೆ, ಇಂಥ ಕಾಲದಲ್ಲಿ ಊರು ಸುತ್ತುವ ಕಥೆ ಯಾಕೆಂದು ಕೆಲವರು ಕೇಳುವರು. ಉದ್ಯೋಗವಿಲ್ಲದ್ದು ನಿಜ. ಆದರೆ ತನ್ನ ಊರಿನಲ್ಲಿಯೇ ತಾನು ಹೊರಗಿನವನೆಂದು ನಂಬಿದ ಹುಡುಗನಿಗೆ ಶಾಲೆಯ ಬೆಂಚೂ ಪರಕೀಯವಾಗಿಯೇ ಕಾಣುತ್ತದೆ. ಯಾತ್ರಿಕರು ಬರುವ ಊರಿನಲ್ಲಿ ಬಲ್ಲ ಮಾರ್ಗದರ್ಶಿಗೆ ಕೆಲಸವೂ ಇದೆ.

ದರ್ಗಾಗಳ ಕಥೆ ಹೇಳಿದರೆ ಗೋರಿಪೂಜೆಗೆ ಉತ್ತೇಜನ ಕೊಟ್ಟಂತಾಗದೇ ಎಂದು ಇನ್ನು ಕೆಲವರು ಕೇಳುವರು. ಬಸವಕಲ್ಯಾಣದ ರಾಜಾ ಬಾಗ್ ಸವಾರ್ ದರ್ಗಾದ ಹೆಸರಿನಲ್ಲೇ ಹುಲಿ ಸವಾರಿಯ ಐತಿಹ್ಯವಿದೆ. ಐತಿಹ್ಯವನ್ನು ಐತಿಹ್ಯವೆಂದು ಹೇಳಿ, ಇತಿಹಾಸವನ್ನು ಇತಿಹಾಸವೆಂದು ಹೇಳಿದರೆ ಮೂಢನಂಬಿಕೆ ಬೆಳೆಯುವುದಿಲ್ಲ, ಕರಗುತ್ತದೆ. ನಾವು ಸುಮ್ಮನಿದ್ದರೆ ಅಲ್ಲಿ ಮಾತಾಡುವವನು ತಾಯತ ಮಾರುವವನೇ.

ಸತ್ಯ ಹೇಳಿದರೆ ಗಲಭೆಯಾಗುತ್ತದೆ, ಮೌನವೇ ಲೇಸು ಎನ್ನುವವರೂ ಇದ್ದಾರೆ. 2022ರಲ್ಲಿ ನಾವು ಮೌನವಾಗಿಯೇ ಇದ್ದೆವು. ಮೌನ ನಮ್ಮನ್ನು ಕಾಪಾಡಿತೇ?

ಮಾಡಬೇಕಾದದ್ದು

ಇದಕ್ಕೆ ಕೋಟಿ ರೂಪಾಯಿ ಬೇಡ. ಒಂದು ಮೊಬೈಲು, ಗದ್ದಲವಿಲ್ಲದ ಒಂದು ಕೋಣೆ, ಕೆಲವು ತಿಂಗಳ ಶ್ರಮ ಸಾಕು. ಬಸವಕಲ್ಯಾಣದಲ್ಲಿ ಕೋಟೆ ಮತ್ತು ಅದರೊಳಗಿನ ವಸ್ತುಸಂಗ್ರಹಾಲಯ, ಬಸವೇಶ್ವರ ದೇವಾಲಯ, ತ್ರಿಪುರಾಂತ ಕೆರೆ, ಹಳೆಯ ಮಸೀದಿಗಳು, ಅನುಭವ ಮಂಟಪ, ನಾರಾಯಣಪುರದ ಶಿವಾಲಯ. ಹುಮನಾಬಾದಿನಲ್ಲಿ ವೀರಭದ್ರೇಶ್ವರ ದೇವಾಲಯ, ಮಾಣಿಕನಗರ, ಜಲಸಂಗ್ವಿ. ಹೀಗೆ ಹತ್ತು ಹನ್ನೆರಡು ನಿಲ್ದಾಣಗಳು, ಒಂದೊಂದಕ್ಕೆ ಮೂರು ನಾಲ್ಕು ನಿಮಿಷದ ಮಾತು. ಕನ್ನಡದಲ್ಲೊಂದು, ಉರ್ದುವಿನಲ್ಲೊಂದು. ಪ್ರತಿಯೊಂದು ನಿಲ್ದಾಣದ ಕೊನೆಯಲ್ಲಿ ಸನದನ್ನು ಗಟ್ಟಿಯಾಗಿ ಓದಬೇಕು: ಇದು ಶಾಸನದಲ್ಲಿದೆ, ಇದು ಇಂಥ ಗ್ರಂಥದಲ್ಲಿದೆ, ಇದು ಹಿರಿಯರ ನೆನಪು, ಇದು ಐತಿಹ್ಯ, ಇದು ವಿವಾದದಲ್ಲಿದೆ. ಬರೆದದ್ದನ್ನು ಪ್ರಕಟಿಸುವ ಮೊದಲು ಊರಿನ ಶರಣ ಸಾಹಿತ್ಯದ ವಿದ್ವಾಂಸರ ಕೈಗೆ ಕೊಟ್ಟು, ತಪ್ಪಿದ್ದರೆ ತಿದ್ದಿ ಎಂದು ವಿನಂತಿಸಬೇಕು. ಅವರೂ ತಾವು ಬರೆದದ್ದನ್ನು ನಮಗೆ ತೋರಿಸುವ ದಿನ ಬರಬಹುದು. ಧ್ವನಿ ನಮ್ಮ ಹೆಣ್ಣುಮಕ್ಕಳದ್ದಾಗಲಿ. ಕಾಲೇಜಿನಲ್ಲಿ ಓದುತ್ತಿರುವ ಅವರಿಗೆ ಕನ್ನಡವೂ ಬರುತ್ತದೆ, ಅಜ್ಜಿಯ ದಖ್ಖನಿಯೂ ಬರುತ್ತದೆ.

ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಸಾರಿದ ಶರಣರ ಊರಿದು. ಜ್ಞಾನವನ್ನು ಅರಸಿ ದೇಶದಿಂದ ದೇಶಕ್ಕೆ ನಡೆದ ಮುಹದ್ದಿಸರ ವಾರಸುದಾರರು ನಾವು. ಎರಡೂ ಪರಂಪರೆಗಳು ಕುಳಿತಲ್ಲೇ ಕುಳಿತು ತೀರ್ಪು ಹೇಳುವುದನ್ನು ಮೆಚ್ಚಲಿಲ್ಲ, ಎದ್ದು ನಡೆಯಲು ಕಲಿಸಿದವು.

ಆ ಹುಡುಗ ಮತ್ತೊಮ್ಮೆ ಕೋಟೆಗೆ ಬಂದಾನು. ಆ ಕಲ್ಲು ಅಲ್ಲಿಯೇ ಇರುತ್ತದೆ. "ಇದನ್ನು ಚಾಲುಕ್ಯರ ಕಾಲದ ಶಿಲ್ಪಿ ಕೆತ್ತಿದ. ಬೇರೆ ಕಾಲದವರು ಇದನ್ನು ತಂದು ಗೋಡೆಗೆ ಸೇರಿಸಿದರು. ಇದೇ ಊರಿನಲ್ಲಿ ಇನ್ನೊಮ್ಮೆ ನಿಂತುಹೋದ ಪೂಜೆಯನ್ನು ಸುಲ್ತಾನನ ಅಧಿಕಾರಿಗಳು ಮತ್ತೆ ಆರಂಭಿಸಿದರು. ಮೂರೂ ನಿಜ. ಮೂರನ್ನೂ ನೀನು ತಿಳಿದುಕೊಳ್ಳಬೇಕು" ಎಂದು ಅವನ ತಂದೆ ಹೇಳಲು ಶಕ್ತರಾಗಬೇಕು. ಅಷ್ಟು ಹೇಳಬಲ್ಲ ತಂದೆಯಿದ್ದರೆ ಯಾವ ಅನಾಮಧೇಯ ಧ್ವನಿಗೂ ಹೆದರಿ ಆ ಮಗು ಕೈ ಹಿಂದಕ್ಕೆಳೆದುಕೊಳ್ಳಬೇಕಾಗಿಲ್ಲ. ಅಂಥ ತಂದೆ ತಾಯಂದಿರಾಗಲು ನಾವು ಸಿದ್ಧರಿದ್ದೇವೆಯೇ? ಉತ್ತರವನ್ನು ಸರಕಾರದಿಂದಲೋ ಎದುರಾಳಿಗಳಿಂದಲೋ ನಿರೀಕ್ಷಿಸುವುದು ಬೇಡ. ಅದನ್ನು ನಮ್ಮ ಮನೆಗಳೇ ಕೊಡಬೇಕಾಗಿದೆ.